ಮಳೆಸೀಮೆಯಲ್ಲಿ ತೋಳಹೆಣ್ಣು: ಉತ್ತರ ಕನ್ನಡದಲ್ಲಿ ನಡೆಯುವ ಫ್ಯಾಂಟಸಿ ಸರಣಿ ಬರೆಯುವವರಿಗೆ

ತೋಳ ಮಲೆನಾಡಿನ ಪ್ರಾಣಿಯಲ್ಲ. ನರತೋಳ ನಾಯಕಿಯ, ಅಂದರೆ ಹುಣ್ಣಿಮೆಗೆ ತೋಳವಾಗಿ ಬದಲಾಗುವ ಹೆಣ್ಣಿನ, ಸರಣಿಯನ್ನು ಕಾರವಾರ, ಶಿರಸಿ ಸೀಮೆಯಲ್ಲಿ ಕಟ್ಟಲು ಹೊರಟವರು ಮೊದಲು ಎದುರಿಸಬೇಕಾದ ಸಂಗತಿ ಇದು. ನಮ್ಮ ತೋಳ ಬಯಲುಸೀಮೆಯದು. ಕುರುಚಲು ಗುಡ್ಡ, ಹುಲ್ಲುಗಾವಲು, ಕುರಿಹಿಂಡು ಇರುವಲ್ಲಿ ಅದರ ಬಾಳು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆಂದೇ ವನ್ಯಧಾಮ ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇರುವುದು ಹುಲಿ, ಕರಿಚಿರತೆ, ಹಿಂಡು ಕಟ್ಟಿ ಬೇಟೆಯಾಡುವ ಕೆನ್ನಾಯಿ. ಯಾಣದ ಬಂಡೆಯ ಮೇಲೆ ತೋಳ ನಿಲ್ಲಿಸಿ ಊಳಿಡಿಸಿದರೆ ಶಿರಸಿಯ ಓದುಗರು ಆ ಪುಟದಲ್ಲೇ ಪುಸ್ತಕ ಮುಚ್ಚುತ್ತಾರೆ.

ಇದು ತೊಡಕಲ್ಲ, ನಿಮಗೆ ಸಿಕ್ಕ ದೊಡ್ಡ ಬಂಡವಾಳ. ನಿಮ್ಮ ನಾಯಕಿ ಈ ಕಾಡಿಗೆ ಹೊರಗಿನವಳು. ಜಿಲ್ಲೆಯ ಪೂರ್ವದಂಚಿನ ಮುಂಡಗೋಡ, ಹಳಿಯಾಳ ತಾಲ್ಲೂಕುಗಳು ಬಯಲಿಗೆ ತಾಗಿವೆ, ಮಳೆ ಕಡಿಮೆ, ಮಾತು ಧಾರವಾಡ-ಹಾವೇರಿ ಕಡೆಯದು. ಅವಳ ತಾಯಿಮನೆ ಅಲ್ಲಿರಲಿ, ನೌಕರಿ ಕಾರವಾರದಲ್ಲಿರಲಿ. ಒಣನೆಲದ ಮೈ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಬದುಕಬೇಕು. ಸರಣಿಯ ಮೂಲ ಸಂಕಟ ಇದರಲ್ಲೇ ಇದೆ. ಇಲ್ಲಿನ ಕಾನು, ಬೆಟ್ಟಗಳಿಗೆ ಆಗಲೇ ಒಡೆಯರಿದ್ದಾರೆ, ಜನ ನಂಬುವ ದೈವಗಳು: ಹುಲಿದೇವರ ಕಲ್ಲು, ಚೌಡಿ, ಜಟಗ. ಅವರ ಗಡಿಯೊಳಗೆ ತೋಳವೊಂದು ಕಾಲಿಟ್ಟರೆ ಏನಾದೀತು ಎಂಬ ಪ್ರಶ್ನೆ ಮೂರು ಪುಸ್ತಕಕ್ಕೆ ಸಾಕು.

ಅವಳು ನರತೋಳವಾದದ್ದಕ್ಕೆ ಕಾರಣ ಹುಡುಕುವಾಗ ಪರದೇಶದ ಕಥೆಗಳಂತೆ ತೋಳ ಕಚ್ಚಿದ ಗಾಯವೇ ಬೇಕೆಂದಿಲ್ಲ. ಬಯಲುಸೀಮೆಯ ಮೈಲಾರಲಿಂಗನ ಪರಂಪರೆಯಲ್ಲಿ ಕಂಬಳಿ ಹೊದ್ದ ಗೊರವರು, ಅಂದರೆ ಆ ದೇವರ ಹರಕೆ ಹೊತ್ತ ಭಕ್ತರು, ದೋಣಿ ಸೇವೆಯ ಹೊತ್ತಿಗೆ ನಾಯಿಯಂತೆ ಬೊಗಳುತ್ತ ನೈವೇದ್ಯ ತುಂಬಿದ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕುತ್ತಾರೆ. ಮೈಲಾರದ ಕಾರ್ಣಿಕ, ಅಂದರೆ ಗೊರವ ನುಡಿಯುವ ಭವಿಷ್ಯವಾಣಿ, ಭಾರತ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ದೇವರ ಮುಂದೆ ಮನುಷ್ಯ ಪ್ರಾಣಿಯಾಗಿ ನಿಲ್ಲುವ ಈ ಭಾವ ನಮ್ಮ ನೆಲದಲ್ಲೇ ಇದೆ. ಆದರೆ ಒಂದು ಎಚ್ಚರ ಇರಲಿ. ಇದು ಜನ ಇಂದಿಗೂ ನಡೆಸುವ ಹರಕೆ, ಭಕ್ತಿ. ಗೊರವರನ್ನು ನರತೋಳ ಮಾಡಬೇಡಿ. ಅಜ್ಜಿಯ ಬಾಯಲ್ಲಿ ‘ನಮ್ಮ ಮನೆತನದವರು ಒಂದು ಸಲ ಹರಕೆ ತಪ್ಪಿದ್ದಕ್ಕ ಹಿಂಗಾತು’ ಎಂಬ ಒಂದೇ ಮಾತು ಬಂದರೆ ಸಾಕು. ಅದು ನಿಜವೋ ಅಲ್ಲವೋ ಎನ್ನುವುದನ್ನು ಕೊನೆಯ ಪುಸ್ತಕದವರೆಗೂ ತೆರೆದಿಡಿ.

ನಾಯಕಿಗೆ ಇಲ್ಲಿ ರೇಣುಕಾ ಎಂದು ಹೆಸರಿಟ್ಟುಕೊಳ್ಳೋಣ. ಕೆಲಸ 108 ಆಂಬುಲೆನ್ಸಿನಲ್ಲಿ ನರ್ಸು. ರಾತ್ರಿ ಹೊರಗಿರಲು ಕಾರಣ ಸಿಗುತ್ತದೆ, ಪ್ರಕರಣಗಳು ತಾವಾಗಿ ಅವಳ ಬಳಿ ಬರುತ್ತವೆ, ಡ್ಯೂಟಿ ಪಟ್ಟಿ ಹುಣ್ಣಿಮೆಗೆ ಅಡ್ಡ ಬರುತ್ತದೆ. ಈ ಮೂರೂ ಕೊಡುವ ನೌಕರಿ ಯಾವುದಾದರೂ ನಡೆದೀತು. ಪತ್ತೇದಾರಿಣಿ ಎಂದು ಮಾಡಿದರೆ ಕಾರವಾರದಷ್ಟು ಊರಿನಲ್ಲಿ ನಂಬಿಕೆ ಹುಟ್ಟುವುದಿಲ್ಲ.

ಹುಣ್ಣಿಮೆಯ ಲೆಕ್ಕ

ಈ ಬಗೆಯ ಕಥೆ ಎಡವುವುದು ಹೆಚ್ಚಾಗಿ ಚಂದ್ರನ ಲೆಕ್ಕದಲ್ಲಿ. ಆದ್ದರಿಂದ ಇದಕ್ಕೆ ಹೊತ್ತು ಕೊಡಿ. ಬರೆಯಲು ಕೂರುವ ಮುನ್ನ ಕಥೆ ನಡೆಯುವ ವರ್ಷದ ಪಂಚಾಂಗ ತಂದಿಟ್ಟುಕೊಳ್ಳಿ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಅಂದರೆ ವರ್ಷಕ್ಕೆ ಹನ್ನೆರಡು, ಕೆಲವು ವರ್ಷ ಹದಿಮೂರು. ಪೂರ್ಣಚಂದ್ರ ಸುಮಾರಾಗಿ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟುತ್ತಾನೆ, ಮರುದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತಾನೆ. ಹುಣ್ಣಿಮೆಯ ರಾತ್ರಿ ಹನ್ನೆರಡಕ್ಕೆ ಚಂದ್ರ ಮೂಡಿದ ಎಂದು ಬರೆದರೆ ತಪ್ಪು. ಕಾರವಾರದಲ್ಲಿ ಚಂದ್ರ ಘಟ್ಟದ ಕಡೆಯಿಂದ ಬರಬೇಕು. ಪೂರ್ವಕ್ಕೆ ಗುಡ್ಡಗಳಿರುವುದರಿಂದ ಪಂಚಾಂಗದಲ್ಲಿ ಬರೆದ ಚಂದ್ರೋದಯಕ್ಕೂ ಕಣ್ಣಿಗೆ ಕಾಣುವುದಕ್ಕೂ ಅಂತರ ಬೀಳುತ್ತದೆ. ಈ ಅಂತರದಲ್ಲಿ ಅವಳು ಮನೆ ಸೇರಿ ಬಾಗಿಲು ಹಾಕಿಕೊಳ್ಳಬಹುದು, ಅಥವಾ ಸಿಕ್ಕಿಬೀಳಬಹುದು. ಚಂದ್ರ ಮುಳುಗುವುದು ಕಡಲಲ್ಲಿ.

ಇನ್ನು ನಿಯಮ. ಮೈ ಬದಲಾಗುವುದು ಯಾವುದರಿಂದ? ಬೆಳಕು ಮೈಗೆ ತಾಗಿದರೋ, ಚಂದ್ರ ಆಕಾಶದಲ್ಲಿದ್ದರೆ ಸಾಕೋ, ಪೂರ್ಣಿಮಾ ತಿಥಿ ಹಿಡಿದರೋ? ಮೂರರಿಂದ ಮೂರು ಬೇರೆಬೇರೆ ಕಥೆ ಹುಟ್ಟುತ್ತವೆ.

ಬೆಳಕೇ ಕಾರಣವಾದರೆ ಮಳೆಗಾಲದಲ್ಲಿ ಅವಳಿಗೆ ಬಿಡುಗಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಹುಣ್ಣಿಮೆ ಕಾಣುವುದೇ ಅಪರೂಪ. ನೆಮ್ಮದಿ ಎನಿಸಿದರೂ ಮೋಡ ಒಮ್ಮೆಗೇ ಬಿರಿದ ಕ್ಷಣಕ್ಕೆ ಅವಳು ರೋಗಿಯ ಪಕ್ಕದಲ್ಲಿ ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ತಿಥಿ ಕಾರಣವಾದರೆ ಇನ್ನೂ ಬಿಗಿ. ತಿಥಿಯೊಂದು ಸುಮಾರು 19ರಿಂದ 26 ಗಂಟೆ ಇರುತ್ತದೆ, ಹಗಲಲ್ಲೇ ಶುರುವಾಗಿ ಹಗಲಲ್ಲೇ ಮುಗಿಯಬಹುದು. 2026ರ ಮೇ 31ರಂದು ಪೂರ್ಣಿಮೆ ತುಂಬುವ ಕ್ಷಣ ಮಧ್ಯಾಹ್ನ ಸುಮಾರು ಎರಡೂಕಾಲಿಗೆ. ತಿಥಿ ಮುಗಿಯುವುದೂ ಆಗಲೇ. ಹಾಗಾಗಿ ಕ್ಯಾಲೆಂಡರಿನಲ್ಲಿ 31 ಎಂದಿದ್ದರೂ ತಿಥಿಯ ರಾತ್ರಿ 30ರದ್ದು. ದಿನಾಂಕ ನೋಡಿ ಬರೆಯುವವರು ಇಲ್ಲಿ ಒಂದು ರಾತ್ರಿ ತಪ್ಪುತ್ತಾರೆ.

ಅದೇ ವರ್ಷ ಜ್ಯೇಷ್ಠ ಅಧಿಕ ಮಾಸ. ಮೇ 17ರಿಂದ ಜೂನ್ 15ರವರೆಗೆ. ಬಯಲುಸೀಮೆಯಲ್ಲಿ ಪ್ರತಿ ಹುಣ್ಣಿಮೆಗೂ ಹೆಸರಿದೆ: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ಅಧಿಕ ಮಾಸದ ಹುಣ್ಣಿಮೆ ಈ ಹನ್ನೆರಡರಲ್ಲಿ ಸೇರಿಲ್ಲ. ಅಜ್ಜಿ ಕಲಿಸಿದ ಹನ್ನೆರಡು ಕಟ್ಟಳೆಗಳಲ್ಲಿ ಯಾವುದೂ ಹದಿಮೂರನೆಯದಕ್ಕೆ ಒದಗುವುದಿಲ್ಲ ಎಂದು ಮಾಡಿ ನೋಡಿ. ಒಂದು ಇಡೀ ಪುಸ್ತಕ ಅದರ ಮೇಲೆ ನಿಲ್ಲುತ್ತದೆ.

ಹೆಸರಿರುವ ಹುಣ್ಣಿಮೆಗಳೂ ಸುಮ್ಮನೆ ಇಲ್ಲ. ನೂಲ ಹುಣ್ಣಿಮೆಗೆ ಕರಾವಳಿಯ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬಂದರು ಮತ್ತೆ ತುಂಬುವ ಕಾಲ ಅದು. ಪುಷ್ಯದ ಹುಣ್ಣಿಮೆಗೆ ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಜಾತ್ರೆ. ಅರ್ಧ ಮನುಷ್ಯ ಅರ್ಧ ಸಿಂಹನಾದ ದೇವರ ಮುಂದೆ, ದೋಣಿ ಬಿಟ್ಟರೆ ಹಿಂತಿರುಗಲು ದಾರಿಯಿಲ್ಲದ ದ್ವೀಪದಲ್ಲಿ, ಸಂಜೆ ಹತ್ತಿರವಾಗುತ್ತಿರುವಾಗ ಅವಳನ್ನು ನಿಲ್ಲಿಸಬೇಕೋ ಬೇಡವೋ ನೀವೇ ಹೇಳಿ.

ಸರಣಿಯ ಬೆನ್ನೆಲುಬಿಗೆ ಶಿರಸಿಯೇ ಒಂದು ಚೌಕಟ್ಟು ಕೊಟ್ಟಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಈಗಿನ ಲೆಕ್ಕದಲ್ಲಿ ಸಮ ಸಂಖ್ಯೆಯ ವರ್ಷಗಳಲ್ಲಿ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ನವಿಲುಗರಿಯ ಬೆನ್ನು, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಬಿಗಿದ ಹಗ್ಗವನ್ನು ಹಿಂದಿನಿಂದ ಹಿಡಿದವರು, ತಮಟೆಯ ಬಡಿತ, ಬೀದಿಯ ಎರಡೂ ಬದಿ ಜನ. ಹುಣ್ಣಿಮೆ ಹತ್ತಿರವಾದ ಹಾಗೆ ಒಬ್ಬ ಬೇಟೆಗಾರ ರಾತ್ರಿಯೆಲ್ಲ ಊರಲ್ಲಿ ಕುಣಿಯುತ್ತಾನೆ, ಊರಿಗೆ ಊರೇ ಎಚ್ಚರವಾಗಿರುತ್ತದೆ. ತೋಳವಾಗಲಿರುವ ಹೆಣ್ಣಿಗೆ ಇದಕ್ಕಿಂತ ಕಠಿಣವಾದ ರಾತ್ರಿ ಯಾವ ಲೇಖಕರೂ ಹೊಸದಾಗಿ ಕಟ್ಟಲಾರರು. ಮೊದಲ ಪುಸ್ತಕ ಬೇಡರ ವೇಷದ ವರ್ಷ, ಎರಡನೆಯದು ಜಾತ್ರೆಯ ವರ್ಷ, ಮೂರನೆಯದು ಮತ್ತೆ ಬೇಡರ ವೇಷ: ಹೀಗೆ ಹೆಣೆದರೆ ಕಾಲ ತಾನಾಗಿ ಸಾಗುತ್ತದೆ. 2026ರ ಹೋಳಿ ಹುಣ್ಣಿಮೆ ಮಾರ್ಚ್ 3ಕ್ಕೆ, ಅಂದೇ ಖಗ್ರಾಸ ಚಂದ್ರಗ್ರಹಣ. ನಮ್ಮ ಕಡೆ ಚಂದ್ರ ಹುಟ್ಟುವಾಗ ಗ್ರಹಣ ಬಿಡುವ ಹಂತದಲ್ಲಿರುತ್ತದೆ. ಗ್ರಹಣದಲ್ಲಿ ಅವಳ ಮೈ ಏನಾಗುತ್ತದೆ ಎಂಬುದನ್ನು ಆ ದಿನಕ್ಕೆ ಮುಂಚೆಯೇ, ಹಿಂದಿನ ಪುಸ್ತಕದಲ್ಲೇ, ಒಂದು ಸಾಲಿನಲ್ಲಿ ಹೇಳಿಟ್ಟಿರಬೇಕು. ಬೇಕಾದಾಗ ಹೊಸ ನಿಯಮ ತಂದರೆ ಓದುಗರಿಗೆ ಮೋಸವಾದಂತೆ.

ಬೆಳ್ಳಿ

ನರತೋಳಕ್ಕೆ ಬೆಳ್ಳಿ ಆಗದು ಎಂಬುದು ಯುರೋಪಿನ ಕಥೆಗಳಿಂದ ಬಂದದ್ದು. ಅಲ್ಲಿ ಬೆಳ್ಳಿಯ ಗುಂಡು ಹುಡುಕಿಕೊಂಡು ಹೋಗಬೇಕು. ನಮ್ಮಲ್ಲಿ ಬೆಳ್ಳಿ ಮನೆಮನೆಯಲ್ಲಿದೆ, ಮೈಮೇಲೆ ಇದೆ. ಇದನ್ನು ಗಮನಿಸದೆ ಬೆಳ್ಳಿಯ ಗುಂಡನ್ನೇ ಎತ್ತಿಕೊಳ್ಳುವವರು ಕೈಗೆ ಬಂದದ್ದನ್ನು ಬಿಟ್ಟಂತೆ.

ಮಗುವಿಗೆ ಹೆಸರಿಡುವ ದಿನ ಸೊಂಟಕ್ಕೆ ಬೆಳ್ಳಿಯ ಉಡಿದಾರ, ಕಾಲಿಗೆ ಗೆಜ್ಜೆ. ರೇಣುಕಾ ಕೂಸಾಗಿದ್ದಾಗ ಉಡಿದಾರ ಹಾಕಿದೊಡನೆ ಚೀರಿ ಅತ್ತಳು, ಸೊಂಟದ ಸುತ್ತ ಕೆಂಪಗೆ ಬೊಬ್ಬೆ ಎದ್ದಿತು. ಎಲ್ಲರೂ ಸೆಖೆಗುಳ್ಳೆ ಅಂದರು, ಅಜ್ಜಿಯೊಬ್ಬಳೇ ಸುಮ್ಮನೆ ಉಡಿದಾರ ಬಿಚ್ಚಿ ಕರಿದಾರ ಕಟ್ಟಿದಳು. ನಾಲ್ಕು ಸಾಲಿನಲ್ಲಿ ಅವಳ ಹುಟ್ಟಿನ ಗುಟ್ಟು, ಅಜ್ಜಿಗೆ ಗೊತ್ತಿರುವ ವಿಷಯ, ಮನೆಯವರ ಕುರುಡು ಎಲ್ಲವೂ ಬಂದವು.

ಮುಂದೆ ಮದುವೆ. ಕಾಲುಂಗುರ ಬೆಳ್ಳಿಯದು. ತೊಡಲಾರಳು, ತೊಡದಿದ್ದರೆ ನೋಡಿದವರೆಲ್ಲ ಕೇಳುತ್ತಾರೆ. ಇದಕ್ಕೊಂದು ದಾರಿ ಇದೆ: ಜರ್ಮನ್ ಸಿಲ್ವರ್. ತಾಮ್ರ, ಸತು, ನಿಕಲ್ ಬೆರೆತ ಲೋಹ ಅದು, ಬೆಳ್ಳಿ ಅದರಲ್ಲಿ ಒಂದಿಷ್ಟೂ ಇಲ್ಲ. ಅವಳ ಕಾಲುಂಗುರ ಜರ್ಮನ್ ಸಿಲ್ವರಿನದು ಎಂದು ಗೊತ್ತಿರುವ ಅಕ್ಕಸಾಲಿಗ ಊರಲ್ಲೊಬ್ಬ ಇರುತ್ತಾನೆ. ಅವನು ಯಾರ ಕಡೆಯವನು ಎಂಬುದು ನಿಮ್ಮ ಕೈಯಲ್ಲಿದೆ. ಅರಿಶಿನ-ಕುಂಕುಮಕ್ಕೆ ಕರೆದ ಮನೆಯಲ್ಲಿ ಬೆಳ್ಳಿಯ ಭರಣಿ ಮುಂದೆ ಹಿಡಿದರೆ, ದೇವಸ್ಥಾನದಲ್ಲಿ ಬೆಳ್ಳಿಯ ಉದ್ಧರಣೆಯಿಂದ ತೀರ್ಥ ಕೊಟ್ಟರೆ, ಪೇಡೆಯ ಮೇಲೆ ಬೆಳ್ಳಿಯ ಹಾಳೆ ಇದ್ದರೆ: ಇವೆಲ್ಲ ಪ್ರತಿದಿನದ ಅಪಾಯ. ರೋಚಕ ಕಾದಾಟಕ್ಕಿಂತ ಕುಂಕುಮದ ಭರಣಿಯ ಮುಂದೆ ಅವಳ ಕೈ ತಡೆಯುವ ಗಳಿಗೆಯೇ ಓದುಗರನ್ನು ಹಿಡಿಯುತ್ತದೆ.

ಬೆಳ್ಳಿಯ ನಿಯಮವನ್ನು ಅಳತೆ ಹಾಕಿ ಬರೆದಿಟ್ಟುಕೊಳ್ಳಿ. ತಾಗಿದರೆ ಎಷ್ಟು ಹೊತ್ತಿಗೆ ಬೊಬ್ಬೆ, ರಕ್ತಕ್ಕೆ ಸೇರಿದರೆ ಏನು, ತಾಮ್ರ ಬೆರೆತ ಬೆಳ್ಳಿಯಾದರೆ ನೋವು ಕಡಿಮೆಯೋ? ಮೊದಲ ಪುಸ್ತಕದಲ್ಲಿ ಬೆಳ್ಳಿ ತಟ್ಟೆಯಲ್ಲಿ ಊಟ ಮಾಡಿದವಳು ಮೂರನೆಯದರಲ್ಲಿ ಬೆಳ್ಳಿ ಸರಪಳಿಗೆ ಸಾಯುವಂತಾದರೆ ಸರಣಿ ಬಿತ್ತು.

ತೋಳವಿಷ ಎಂದು ಆ ಕಥೆಗಳಲ್ಲಿ ಬರುವ ಗಿಡ ನಮ್ಮ ವತ್ಸನಾಭಿಯ ಕುಲದ್ದು. ಅದು ಹಿಮಾಲಯದ ಕಡೆ ಬೆಳೆಯುವಂಥದ್ದು, ಘಟ್ಟದ ಕಾನಿನಲ್ಲಿ ಬೆಳೆಸಬೇಡಿ. ಶುದ್ಧಿ ಮಾಡಿ ಆಯುರ್ವೇದದಲ್ಲಿ ಬಳಸುತ್ತಾರೆ, ಆದ್ದರಿಂದ ಅವಳ ಶತ್ರು ಅದನ್ನು ಗ್ರಂಥಿಗೆ ಅಂಗಡಿಯಿಂದಲೇ ತರಬಹುದು.

ಅವಳಿಗೆ ನಿಜವಾಗಿ ಸಾವು ತರಬಲ್ಲದ್ದು ಬೇರೆ. ತೋಟದಂಚಿನಲ್ಲಿ ಹಂದಿಗೆ ಹಾಕಿದ ತಂತಿಯ ಉರುಳು, ಸಿಡಿಮದ್ದು, ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ. ಉರುಳು ಜಗ್ಗಿದಷ್ಟೂ ಬಿಗಿಯುತ್ತದೆ. ಮನುಷ್ಯಳಾಗಿ ಬದಲಾದರೆ ಕುತ್ತಿಗೆ ದಪ್ಪವೋ ತೆಳುವೋ ಎಂಬ ಲೆಕ್ಕದ ಮೇಲೆ ಅವಳ ಜೀವ ನಿಲ್ಲುತ್ತದೆ. ಚುನಾವಣೆ ಬಂತೆಂದರೆ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಆ ತಿಂಗಳುಗಳಲ್ಲಿ ಅವಳು ಸ್ವಲ್ಪ ಧೈರ್ಯವಾಗಿ ಓಡಾಡಲಿ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಅವಳ ಅಜ್ಜಿಯ ಬಾಯಲ್ಲಿ ಮೊದಲ ಅಧ್ಯಾಯದಲ್ಲೇ ಇದ್ದರೆ ಚೆನ್ನ.

ಮೈ, ದೂರ, ಬಟ್ಟೆ

ಭಾರತದ ತೋಳ ಸಣ್ಣದು, 20 ಕಿಲೋ ಆಸುಪಾಸು. ರೇಣುಕಾ 55 ಕಿಲೋ. ಉಳಿದ 35 ಕಿಲೋ ಎಲ್ಲಿ ಹೋಯಿತು? ಎರಡೇ ಉತ್ತರ. ತೂಕ ಹಾಗೆಯೇ ಉಳಿದರೆ ದೇಶದಲ್ಲಿ ಯಾರೂ ಕಾಣದಷ್ಟು ದೊಡ್ಡ ತೋಳ, ಹೆಜ್ಜೆ ಆಳ, ಅರಣ್ಯ ರಕ್ಷಕರು ಹೆಜ್ಜೆ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ತೂಕ ಮಾಯವಾಗುತ್ತದೆ ಎಂದರೆ ಅದು ಮಂತ್ರವೆಂದು ಒಪ್ಪಿ ಮುಂದೆ ಸಾಗಿ, ವಿಜ್ಞಾನದ ವಿವರಣೆ ಕೊಡಹೋಗಬೇಡಿ. ಮೊದಲನೆಯದು ಕಥೆಗೆ ಹೆಚ್ಚು ಕೊಡುತ್ತದೆ.

ಹೆಜ್ಜೆಯ ಮಾತು ಬಂತು. ನಾಯಿ, ತೋಳದ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುವುದರಿಂದ ಬೀಳುವುದಿಲ್ಲ. ಚಿರತೆ ಕುತ್ತಿಗೆಗೆ ಬಾಯಿ ಹಾಕುತ್ತದೆ, ಕೆನ್ನಾಯಿ ತೊಡೆ-ಹೊಟ್ಟೆಯ ಕಡೆಯಿಂದ ಕೀಳುತ್ತದೆ. ಒಂದು ದನ ಸತ್ತರೆ ಪಶುವೈದ್ಯರ ಪರೀಕ್ಷೆ, ಅರಣ್ಯ ಇಲಾಖೆಯ ಪಂಚನಾಮೆ, ಪರಿಹಾರದ ಅರ್ಜಿ ಎಲ್ಲ ನಡೆಯುತ್ತದೆ. ಅವಳು ಹಸಿದು ಬಾಯಿ ಹಾಕಿದ್ದಕ್ಕೆ ಕಾಗದದ ಜಾಡು ಉಳಿಯುತ್ತದೆ, ಆ ಕಾಗದವನ್ನು ಓದುವವರೊಬ್ಬರು ನಿಮ್ಮ ಸರಣಿಯಲ್ಲಿರಲಿ. ಜೋಯಿಡಾ ಕಡೆಯ ಕಾಡಿನಲ್ಲಿ ಹುಲಿಗಣತಿಗೆ ಕ್ಯಾಮೆರಾ ಕಟ್ಟಿರುತ್ತಾರೆ. ಚಿತ್ರದ ಜೊತೆ ದಿನಾಂಕ, ಗಂಟೆ ಅಚ್ಚಾಗಿರುತ್ತದೆ. ತೋಳವೇ ಇಲ್ಲದ ಕಾಡಿನಲ್ಲಿ ತೋಳದ ಚಿತ್ರ ಸಿಕ್ಕಿತೆಂದರೆ ಸಂಶೋಧಕರು ಬಂದಿಳಿಯುತ್ತಾರೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಕೊಲ್ಲಲು ಬಂದವನೂ ಗುಟ್ಟಾಗಿ ಬರಬೇಕು ಎಂಬುದು ಇದರಿಂದ ಆಗುವ ಲಾಭ.

ದೂರವನ್ನು ನಕ್ಷೆಯಲ್ಲಿ ಅಳೆಯಿರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ತೋಳ ಗಂಟೆಗೆ ಎಂಟೊಂಬತ್ತು ಕಿಲೋಮೀಟರಿನ ಕುಕ್ಕೋಟದಲ್ಲಿ ಗಂಟೆಗಟ್ಟಲೆ ಸಾಗಬಲ್ಲದು, ಐವತ್ತರ ವೇಗ ಇರುವುದು ಬೇಟೆಯ ಕೆಲವೇ ನಿಮಿಷಕ್ಕೆ. ಅಂದರೆ ಘಟ್ಟ ಇಳಿಯಲು ಏಳು ಗಂಟೆ ಬೇಕು. ಹುಣ್ಣಿಮೆಯ ರಾತ್ರಿಯ ಉದ್ದ ಸುಮಾರು ಹನ್ನೆರಡು ಗಂಟೆ. ಹೋಗಿ ಬರಲಾಗುವುದಿಲ್ಲ. ಒಂದೇ ರಾತ್ರಿ ಮಾಗೋಡು, ಯಾಣ, ಮುರ್ಡೇಶ್ವರ ಮೂರನ್ನೂ ಸುತ್ತಿಸುವ ಕಥೆಗಳು ಪ್ರವಾಸದ ಪಟ್ಟಿಯಂತೆ ಕಾಣುವುದು ಇದಕ್ಕೇ.

ಹೋದವಳು ಬೆಳಿಗ್ಗೆ ಬಸ್ಸಿನಲ್ಲೇ ಬರಬೇಕು, ಬಟ್ಟೆ ಬೇಕು. ಈ ವಿವರ ಬಿಟ್ಟವರ ಕಥೆ ಪೊಳ್ಳಾಗಿ ಕೇಳುತ್ತದೆ. ಅವಳು ಮೂರು ನಾಲ್ಕು ಕಡೆ ಅಡಗುಗಂಟು ಇಟ್ಟಿರಲಿ. ಬಿಗಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡ್ರಮ್ಮು, ಅದರೊಳಗೆ ಚೂಡಿದಾರ, ಒಳಉಡುಪು, ಹವಾಯಿ ಚಪ್ಪಲಿ, ಬಾಚಣಿಕೆ, ಬಿಂದಿಯ ಚೀಟಿ, ಬೆಲ್ಲದ ಅಚ್ಚು, ನೀರಿನ ಬಾಟಲಿ, ನೂರರ ನಾಲ್ಕು ನೋಟು, ಗುರುತಿನ ಚೀಟಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ತೋರಿಸಬೇಕು. ಬೆಳಗಿನ ಐದೂವರೆಗೆ ದೇವಿಮನೆಯ ತಿರುವಿನಲ್ಲಿ ಒಬ್ಬಳೇ ಹತ್ತುವ ಹೆಣ್ಣಿನ ಕೂದಲಲ್ಲಿ ಒಣ ಎಲೆ ಇದ್ದರೆ ಕಂಡಕ್ಟರ್ ನೋಡಿಯೇ ನೋಡುತ್ತಾನೆ. ಡ್ರಮ್ಮನ್ನು ನೆಲದಲ್ಲಿ ಹೂತರೆ ಮಳೆಗಾಲದಲ್ಲಿ ನೀರು ತುಂಬುತ್ತದೆ, ಬರಿಯ ಚೀಲವಾದರೆ ಗೆದ್ದಲು ಹಿಡಿಯುತ್ತದೆ, ಮರಕ್ಕೆ ತೂಗಿದರೆ ಮಂಗ ಬಿಚ್ಚುತ್ತದೆ. ಬಂಡೆಯ ಪೊಟರೆಯೊಳಗೆ, ಬಾಯಿಗೆ ಕಲ್ಲು ಅಡ್ಡ ಇಟ್ಟು ಅಡಗಿಸುವುದು ವಾಸಿ. ಮುಚ್ಚಳ ತಿರುಗಿಸಲು ಬೆರಳು ಬೇಕು ಎಂಬುದು ನೆನಪಿರಲಿ. ತೋಳವಾಗಿರುವಾಗ ಏನನ್ನೂ ತೆಗೆಯಲಾರಳು.

ಮಳೆಗಾಲದಲ್ಲಿ ಬರಿಮೈಯಲ್ಲಿ ಎಚ್ಚರವಾದರೆ ಉಂಬಳ (ಜಿಗಣೆ) ಹತ್ತಿರುತ್ತದೆ. ಬೇಸಿಗೆಯಲ್ಲಿ ಅದಕ್ಕಿಂತ ಘೋರವಾದದ್ದು ಉಣ್ಣಿ. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಶಿರಸಿ ಸಿದ್ದಾಪುರದ ಜನಕ್ಕೆ ಅದರ ಹೆದರಿಕೆ ಇದ್ದೇ ಇದೆ. ಕಾಡಿಗೆ ಹೋಗುವವರು ಡೀಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ, ತೋಳದ ತುಪ್ಪಳಕ್ಕೆ ಅದನ್ನು ಹಚ್ಚುವವರು ಯಾರು? ಅವಳ ಮೈ ಗಾಯ ಮಾಯಿಸಿಕೊಳ್ಳಬಲ್ಲದಾದರೂ ಅವಳು ಮನೆಗೆ ಹೊತ್ತು ತಂದ ಉಣ್ಣಿ ಪಕ್ಕದ ಹಾಸಿಗೆಯಲ್ಲಿ ಮಲಗಿದ ತಂಗಿಯನ್ನು ಕಚ್ಚಬಹುದು. ನರ್ಸಾದ ಅವಳಿಗೆ ಇದು ಗೊತ್ತು. ಶಾಪಕ್ಕೆ ಬೆಲೆ ತೆರುವುದು ಎಂದರೆ ಇಂಥದ್ದು.

ಕಡಲಂಚಿನಲ್ಲಿ ಉಬ್ಬರವಿಳಿತವನ್ನೂ ಲೆಕ್ಕಕ್ಕೆ ತನ್ನಿ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ದೇವಬಾಗದ ಮರಳಿನ ಮೇಲಿನ ಹೆಜ್ಜೆಯನ್ನು ಯಾವ ಉಬ್ಬರ ಅಳಿಸಿತು ಎಂಬುದು ನಿಮಗೆ ಗೊತ್ತಿರಬೇಕು.

ಮೂಗಿನಿಂದ ಬರೆಯುವುದು

ತೋಳಹೆಣ್ಣಿನ ಕಥೆಯನ್ನು ಕಣ್ಣಿನಿಂದ ಬರೆದರೆ ಅರ್ಧ ಹೋದಂತೆ. ಅವಳ ಲೋಕ ವಾಸನೆಯದು. ‘ವಾಸನೆ ಬಂತು’ ಎಂದು ಬರೆದು ನಿಲ್ಲಿಸಬೇಡಿ. ಕನ್ನಡದಲ್ಲಿ ಘಮ, ಕಂಪು, ಸೊಗಡು, ಕಮಟು, ಮುಗ್ಗಲು, ನಾತ ಇವೆ, ಒಂದೊಂದಕ್ಕೂ ಅದರದೇ ಜಾಗ. ವಾಸನೆಗಳನ್ನು ಒಂದರ ಕೆಳಗೊಂದು ಬರುವಂತೆ ಬರೆಯಿರಿ, ಕೊನೆಯದು ಸುಳಿವಾಗಿರಲಿ. ಹೀಗೆ:

‘ಬೈತಖೋಲಿನ ಕಡೆಯಿಂದ ಗಾಳಿ ತಿರುಗಿತು. ಮೊದಲು ಡೀಸೆಲ್ಲು. ಅದರಡಿ ನಿನ್ನೆಯ ಬಂಗಡೆ, ಅದರಡಿ ಒದ್ದೆ ಬಲೆಯ ಮುಗ್ಗಲು. ನಾಲ್ಕನೆಯದಕ್ಕೆ ನಿಂತೆ. ಚೊಗರು. ಅಡಿಕೆ ಬೇಯಿಸಿದ ಕೈಯೊಂದು ಈ ಹಗ್ಗ ಹಿಡಿದಿತ್ತು. ಸಾಬೂನು ಹಾಕಿ ತಿಕ್ಕಿ ತೊಳೆದ ಕೈ, ತೊಳೆದು ಎರಡು ದಿನವಾಗಿತ್ತು. ಘಟ್ಟ ಇಳಿದು ಬಂದವನು ದೋಣಿ ಕಟ್ಟುವ ಹಗ್ಗಕ್ಕೆ ಯಾಕೆ ಕೈ ಹಾಕಿದ?’

ಇಲ್ಲಿ ಕೆಲಸ ಮಾಡುತ್ತಿರುವುದು ಕಸುಬಿನ ತಿಳಿವಳಿಕೆ. ಶಿರಸಿ ಕಡೆ ಹಸಿ ಅಡಿಕೆ ಸುಲಿದು, ಅಡಿಕೆಯದೇ ಕೆಂಪು ರಸವಾದ ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ, ಕೊಯ್ಲಿನ ಚಳಿಗಾಲದಲ್ಲಿ ಆ ಕಲೆ ಕೈಯಿಂದ ಬೇಗ ಹೋಗುವುದಿಲ್ಲ. ಅದೇ ಸುಳಿವನ್ನು ಆಗಸ್ಟಿನಲ್ಲಿ ಬರೆದರೆ ತಪ್ಪಾಗುತ್ತದೆ. ಹಾಗೆಯೇ ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಸುಮಾರು ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಆ ದಿನಗಳಲ್ಲಿ ತೋಟದೊಳಗೆ ಅವಳ ಮೂಗು ಕೆಲಸ ಮಾಡುವುದಿಲ್ಲ ಎಂದು ಮಾಡಿದರೆ, ಅವಳಿಂದ ತಪ್ಪಿಸಿಕೊಳ್ಳುವವನಿಗೆ ಒಂದು ಅಡಗುತಾಣ ಸಿಕ್ಕಿತು. ಜಡಿಮಳೆ ಬಂದರೆ ನೆಲದ ಜಾಡು ತೊಳೆದುಹೋಗುತ್ತದೆ, ತುಂತುರಾದರೆ ಉಳಿಯುತ್ತದೆ. ಮಳೆಗೂ ಬಗೆ ಇದೆ, ಬಗೆಯನ್ನು ಬರೆಯಿರಿ.

ಬೀದಿನಾಯಿಗಳನ್ನು ಮರೆಯಬೇಡಿ. ಕಾರವಾರದ ಕಾಜುಬಾಗದಿಂದ ಗ್ರೀನ್ ಸ್ಟ್ರೀಟಿನವರೆಗೆ ಒಂದೊಂದು ಗಲ್ಲಿಗೂ ಒಂದು ಹಿಂಡು, ಅವಕ್ಕೆ ಅವಳ ಗುಟ್ಟು ಎಲ್ಲರಿಗಿಂತ ಮೊದಲು ಗೊತ್ತು.

ಮಾತು

ಜಿಲ್ಲೆಯೊಳಗೆ ಮಾತು ಮೂವತ್ತು ಕಿಲೋಮೀಟರಿಗೊಮ್ಮೆ ಬದಲಾಗುತ್ತದೆ. ಕಾರವಾರದ ಪೇಟೆಯಲ್ಲಿ ಕೊಂಕಣಿ, ಅಂಕೋಲಾ ಕುಮಟಾದ ಹಳ್ಳಿಗಳಲ್ಲಿ ಹಾಲಕ್ಕಿ ಗೌಡರ ಕನ್ನಡ, ಶಿರಸಿಯ ತೋಟದ ಮನೆಗಳಲ್ಲಿ ಹವ್ಯಕರ ಮಾತು, ಭಟ್ಕಳದಲ್ಲಿ ನವಾಯತಿ. ಎಲ್ಲರ ಬಾಯಲ್ಲೂ ಬೆಂಗಳೂರಿನ ಕನ್ನಡ ತುರುಕಬೇಡಿ. ಮುಂಡಗೋಡದ ಅಜ್ಜಿ ‘ರಾತ್ರಿ ಎಲ್ಲಿಗ್ಹೋಗಿದ್ದಿ ಯವ್ವಾ?’ ಎಂದರೆ, ಶಿರಸಿಯಲ್ಲಿ ಅವಳು ಬಾಡಿಗೆಗಿದ್ದ ಮನೆಯ ಹಿರಿಯಾಕೆ ‘ಎಲ್ಲಿಗೆ ಹೋಗಿದ್ಯೆ ಕೂಸೆ?’ ಎನ್ನುತ್ತಾರೆ. ಆಂಬುಲೆನ್ಸ್ ಚಾಲಕ ಅವಳಿಗೆ ‘ಸಿಸ್ಟರ್’ ಎನ್ನುತ್ತಾನೆ, ಅವಳು ಅವನಿಗೆ ‘ಅಣ್ಣಾ’. ಗೊತ್ತಿಲ್ಲದ ಆಡುಮಾತನ್ನು ಉದ್ದಕ್ಕೆ ಬರೆಯುವುದಕ್ಕಿಂತ ಒಂದು ಕರೆಯುವ ಪದ, ಒಂದು ಕ್ರಿಯಾಪದದ ಕೊನೆ ಸರಿಯಾಗಿ ಬಂದರೆ ಸಾಕು. ಬರೆದ ಮೇಲೆ ಆ ಊರಿನವರೊಬ್ಬರಿಂದ ಗಟ್ಟಿಯಾಗಿ ಓದಿಸಿ.

ನಿಜವಾದ ದುರಂತಗಳ ವಿಷಯದಲ್ಲಿ ಒಂದು ಗೆರೆ ಹಾಕಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಸತ್ತರು. ಮುಂದಿನ ತಿಂಗಳು 7ರ ನಸುಕಿನಲ್ಲಿ ಕಾರವಾರದ ಕಾಳಿ ಹಳೆ ಸೇತುವೆ ಕುಸಿಯಿತು. ಇವುಗಳನ್ನು ನಿಮ್ಮ ರಕ್ಕಸನ ಕೆಲಸವೆಂದು ಬರೆಯುವುದು ಆ ಮನೆಯವರ ನೋವಿನ ಮೇಲೆ ಕಥೆ ಕಟ್ಟಿದಂತೆ. ಗುಡ್ಡ ಕುಸಿಯುವ ಹೆದರಿಕೆ, ಮಳೆಗಾಲದಲ್ಲಿ ಹೆದ್ದಾರಿ ಬಂದ್ ಆಗಿ ಆಂಬುಲೆನ್ಸ್ ನಿಲ್ಲುವುದು, ದೊಡ್ಡ ಆಸ್ಪತ್ರೆಗೆ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡಬೇಕಾದ ಸಂಕಟ ಇವನ್ನು ಬರೆಯಿರಿ. ಸತ್ತವರನ್ನು ಬಿಟ್ಟುಬಿಡಿ.

ಬರೆಯುವ ಕ್ರಮ

ಐದು ಪುಸ್ತಕದ ಕನಸಿದ್ದರೂ ಮೊದಲು ಮೂರಕ್ಕೆ ಯೋಜನೆ ಹಾಕಿ. ಒಂದೊಂದೂ 45ರಿಂದ 60 ಸಾವಿರ ಪದ, ಅಧ್ಯಾಯಕ್ಕೆ ಎರಡೂವರೆ ಸಾವಿರದಂತೆ ಹದಿನೆಂಟರಿಂದ ಇಪ್ಪತ್ತನಾಲ್ಕು ಅಧ್ಯಾಯ. ಪ್ರತಿ ಪುಸ್ತಕದಲ್ಲೂ ಒಂದು ಪ್ರಕರಣ ಅಲ್ಲೇ ಮುಗಿಯಬೇಕು. ಮುಗಿಯದೆ ಮುಂದುವರಿಯುವುದು ಅವಳ ಹುಟ್ಟಿನ ಪ್ರಶ್ನೆ ಮತ್ತು ಒಂದು ಸಂಬಂಧ, ಅಷ್ಟೇ. ಒಂದು ಪುಸ್ತಕದಲ್ಲಿ ಎರಡು, ಹೆಚ್ಚೆಂದರೆ ಮೂರು ಹುಣ್ಣಿಮೆ ಬರಲಿ. ಮೈ ಬದಲಾಗುವುದನ್ನು ವಿವರವಾಗಿ ಒಂದೇ ಸಲ ಬರೆಯಿರಿ: ಮೊದಲು ಕಿವಿ, ಆಮೇಲೆ ಮೂಗು, ದವಡೆ, ಮಣಿಕಟ್ಟು, ಕಡೆಗೆ ಬೆನ್ನು. ಮುಂದಿನ ಸಲಗಳಲ್ಲಿ ಎರಡು ವಾಕ್ಯ ಸಾಕು, ಅವೂ ಹಿಂದಿನದಕ್ಕಿಂತ ಬೇರೆಯಾಗಿ ನಡೆದದ್ದನ್ನು ಮಾತ್ರ ಹೇಳಲಿ.

ಪಕ್ಕದಲ್ಲೊಂದು ಉದ್ದದ ಲೆಡ್ಜರ್ ಪುಸ್ತಕ ಇಟ್ಟುಕೊಳ್ಳಿ. ಕಾಲಮ್ಮುಗಳು: ದಿನಾಂಕ, ತಿಥಿ, ಚಂದ್ರೋದಯ, ಮಳೆ, ಉಬ್ಬರ, ಅವಳ ಡ್ಯೂಟಿ, ಮೈಮೇಲಿನ ಗಾಯ, ಗುಟ್ಟು ಯಾರಿಗೆ ಎಷ್ಟು ಗೊತ್ತು. ಕೊನೆಯ ಕಾಲಮ್ಮೇ ಹೆಚ್ಚಾಗಿ ಹದ ತಪ್ಪುವುದು. ಎರಡನೇ ಪುಸ್ತಕದ ನಡುವೆ ಬಂದಾಗ ಅಕ್ಕಸಾಲಿಗನಿಗೆ ಗೊತ್ತಿದ್ದದ್ದು ಕಾಲುಂಗುರದ ಲೋಹ ಮಾತ್ರವೋ, ಅದರ ಕಾರಣವೂ ಗೊತ್ತೋ ಎಂಬುದು ಬರೆದವರಿಗೇ ಮರೆತಿರುತ್ತದೆ. ಅವನ ಹೆಸರಿನ ಮುಂದೆ ‘ಲೋಹ ಗೊತ್ತು, ಕಾರಣ ಗೊತ್ತಿಲ್ಲ, ಅಧ್ಯಾಯ 7’ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಕಾರಣ ತಿಳಿದ ಅಧ್ಯಾಯ ಬರೆದು ಮುಗಿದ ದಿನವೇ ಅದನ್ನು ಅಳಿಸಿ ತಿದ್ದಿ.